ದಡ ಮಾರಿದವರು ಯಾರು, ಕೊಳೆನೀರು ಕುಡಿಯುವವರು ಯಾರು?

ಕೋಲಾರ ಜಿಲ್ಲೆಯಲ್ಲಿ ಹೊಳೆಯೇ ಇಲ್ಲ, ಇಲ್ಲದ ಹೊಳೆಯ ದಡ ಕುಸಿಯಿತೆಂದು ಗೋಳಾಡುವುದೇಕೆ ಎಂದು ಕೇಳುವ ಮಹನೀಯರುಂಟು. ಅವರಿಗೆ ಮೊದಲು ಉತ್ತರ ಹೇಳಿಬಿಡೋಣ. ಪಾಲಾರ್ ನದಿ ಹುಟ್ಟುವುದು ಹಳೆಯ ಕೋಲಾರ ಜಿಲ್ಲೆಯ ನೆಲದಲ್ಲಿಯೇ. ಕರ್ನಾಟಕದಲ್ಲಿ ಸುಮಾರು ೯೩ ಕಿಲೋಮೀಟರು ನಡೆದು ಬೇತಮಂಗಲ, ರಾಮಸಾಗರಗಳನ್ನು ದಾಟಿ ಅದು ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಹೋಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸಕೋಟೆಯನ್ನು ದಾಟಿ ಮಾಲೂರು ತಾಲ್ಲೂಕಿನ ಪಶ್ಚಿಮದ ಅಂಚನ್ನು ಸವರಿಕೊಂಡು ಹೊಸೂರಿನ ಕಡೆಗೆ ಇಳಿಯುತ್ತದೆ. ಮಾರ್ಕಂಡೇಯ ನದಿಗೆ ಯರಗೋಳಿನಲ್ಲಿ ಕಟ್ಟಿದ ಅಣೆಕಟ್ಟು ೨೦೨೩ರಲ್ಲಿ ಉದ್ಘಾಟನೆಯಾಯಿತು. ಪಾಪಘ್ನಿ ಶ್ರೀನಿವಾಸಪುರದ ಕಡೆಯ ನೀರನ್ನು ಆಂಧ್ರಕ್ಕೆ ಒಯ್ಯುತ್ತದೆ. ಹೊಳೆಗಳು ಇವೆ. ವರ್ಷದ ಬಹುಪಾಲು ಒಣಗಿರುತ್ತವೆ, ಅಷ್ಟೆ.

ಒಣಗಿರುವುದೇ ಅವಕ್ಕೆ ಮುಳುವಾಗಿದೆ. ನೀರು ತುಂಬಿ ಹರಿಯುವ ಹೊಳೆ ತನ್ನ ಕಾವಲನ್ನು ತಾನೇ ಮಾಡಿಕೊಳ್ಳುತ್ತದೆ. ಅದರೊಳಕ್ಕೆ ಲಾರಿ ಇಳಿಸಲು ಯಾರಿಗೂ ಧೈರ್ಯವಾಗದು. ಒಣ ಹೊಳೆಗೆ ಕಾವಲುಗಾರನೇ ಬೇಕು. ನಮ್ಮ ಹಿರಿಯರು ನೀರುಗಂಟಿ ಎಂಬ ಹೆಸರಿನಲ್ಲಿ ಅವನನ್ನು ಇಟ್ಟಿದ್ದರು. ಈಗ ಆ ಕೆಲಸವೂ ಹೋಯಿತು, ಆ ಮನುಷ್ಯನೂ ಹೋದನು, ಉಳಿದಿರುವುದು ಲಾರಿ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಬೆಳಗಾದರೆ ಸಾಕು, ಉಳಿ ಸುತ್ತಿಗೆಗಳ ಸದ್ದು. ಗಂಗರ ಕಾಲದಿಂದ ಬಂದದ್ದೆಂದು ಊರವರು ಹೇಳಿಕೊಳ್ಳುವ ಕಸುಬು. ಇಲ್ಲಿ ಕಡೆದ ದೇವರುಗಳು ದೂರದೂರದ ಗುಡಿಗಳಲ್ಲಿ ಪೂಜೆಗೊಳ್ಳುತ್ತಿವೆ. (ಉಳಿಯ ಜಾಗಕ್ಕೆ ಕಲ್ಲು ಕೊಯ್ಯುವ ಯಂತ್ರ ಬಂದ ಮೇಲೆ ಶಿಲ್ಪಿಗಳ ಎದೆಯೊಳಕ್ಕೆ ಹೋಗುತ್ತಿರುವ ಧೂಳಿನ ಕಥೆ ಬೇರೆಯೇ ಇದೆ; ಇನ್ನೊಂದು ವಾರ ಬರೆಯುತ್ತೇವೆ.) ಆ ಊರಿನ ಮಗ್ಗುಲಲ್ಲಿ ತುಂಬಿ ಹರಿಯುವ ಹೊಳೆಯೇನೂ ಇಲ್ಲ. ಆದರೂ ದಡದ ಮಾತನ್ನು ಅಲ್ಲಿಂದಲೇ ಎತ್ತಲು ಕಾರಣವಿದೆ. ಶಿಲ್ಪಿ ಬೇಡವಾದದ್ದನ್ನು ಕೆತ್ತಿ ತೆಗೆದು ಬೇಕಾದದ್ದನ್ನು ಊರಿಗೆ ಬಿಡುತ್ತಾನೆ. ಅದೇ ತಾಲ್ಲೂಕಿನಲ್ಲಿ, ಕೋಲಾರ ಬಂಗಾರಪೇಟೆ ತಾಲ್ಲೂಕುಗಳಲ್ಲಿ ಕೂಡ, ಇದಕ್ಕೆ ತಿರುವುಮುರುವಾದ ಇನ್ನೊಂದು ಕಸುಬು ಬೆಳೆಯಿತು. ಬೇಕಾದದ್ದನ್ನು ತೆಗೆದು ಬೆಂಗಳೂರಿಗೆ ಕಳಿಸುವುದು, ಬೇಡವಾದದ್ದನ್ನು ಊರಿನ ಹೊಳೆಗೆ ಬಿಡುವುದು. ಇದಕ್ಕೆ ಫಿಲ್ಟರ್ ಮರಳು ಎಂದು ಹೆಸರು.

ಕೆಲಸ ನಡೆಯುವ ಬಗೆ ಹೀಗೆ. ಹೊಳೆಯ ಪಾತ್ರದಲ್ಲಿದ್ದ ನಿಜವಾದ ಮರಳು ಬೆಂಗಳೂರಿನ ಮಹಡಿಗಳೊಳಗೆ ಸೇರಿ ಮುಗಿಯಿತು. ಬಳಿಕ ಕಣ್ಣು ಬಿದ್ದದ್ದು ಮರಳುಮಿಶ್ರಿತ ಮಣ್ಣಿನ ಮೇಲೆ, ಎಂದರೆ ಹೊಳೆಯ ದಡ, ರಾಜಕಾಲುವೆಯ ಅಂಚು, ಕೆರೆಯಂಗಳ, ಗೋಮಾಳ, ಕೊನೆಗೆ ಬಡ ರೈತನ ಪಟ್ಟಾ ಜಮೀನು. ಜೆಸಿಬಿಯಿಂದ ಮಣ್ಣನ್ನು ಬಗೆದು ಗುಂಡಿಗೆ ಸುರಿಯುತ್ತಾರೆ. ಪಂಪು ಹಚ್ಚಿ ಕೊಳವೆಯಿಂದ ರಭಸವಾಗಿ ನೀರು ಹೊಡೆಯುತ್ತಾರೆ. ಜೇಡಿ ಕರಗಿ ಮೇಲೇರಿ ಹೊರಕ್ಕೆ ಹರಿಯುತ್ತದೆ, ಭಾರದ ಮರಳು ತಳದಲ್ಲಿ ನಿಲ್ಲುತ್ತದೆ. ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುವ ಜಿಲ್ಲೆಯಲ್ಲಿ, ಸಾವಿರ ಅಡಿಗೂ ಆಳದಿಂದ ಎತ್ತಿದ ನೀರನ್ನು ಮಣ್ಣು ತೊಳೆಯುವುದಕ್ಕೆ ಸುರಿಯುವುದು! ಒಂದು ಲಾರಿ ಮರಳು ಬೆಂಗಳೂರಿನ ದಾರಿ ಹಿಡಿದರೆ, ಅದರ ಬಾಬ್ತು ಕೆಸರು ಹತ್ತಿರದ ಹಳ್ಳದ ದಾರಿ ಹಿಡಿಯುತ್ತದೆ. ದಡವೂ ಹೋಯಿತು, ಆ ದಡದ ಮಣ್ಣೇ ನೀರಿಗೆ ಕೊಳೆಯೂ ಆಯಿತು.

ಮಣ್ಣು ಕೊಳೆಯೇ ಎಂದು ಕೆಲವರು ಕೇಳಬಹುದು. ಮಣ್ಣಿನಲ್ಲಿಯೇ ಹುಟ್ಟಿ ಬೆಳೆದವರು ನಾವು, ಮಣ್ಣನ್ನು ಹೊಲಸೆಂದು ಹೇಳಲು ನಮಗೂ ಮನಸ್ಸಿಲ್ಲ. ಆದರೆ ಹೊಲದಲ್ಲಿದ್ದರೆ ಅನ್ನವಾಗುವ ವಸ್ತು ಹೊಳೆಯಲ್ಲಿ ಕರಗಿದಾಗ ಬೇರೆ ಗುಣ ತೋರಿಸುತ್ತದೆ. ಹೊಲಗಳಿಗೆ ಹಾಕಿದ ಗೊಬ್ಬರದ ರಂಜಕ, ಕೆಲವು ಕೀಟನಾಶಕಗಳು, ಕಾರ್ಖಾನೆಯ ನೀರಿನಲ್ಲಿ ಬರುವ ಸೀಸ ಕ್ರೋಮಿಯಂ ಮುಂತಾದ ಲೋಹಗಳು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ಪ್ರಯಾಣ ಮಾಡುತ್ತವೆ. ದಡ ಕುಸಿದಾಗ ಅಲ್ಲಿ ವರ್ಷಗಟ್ಟಲೆ ಸೇರಿದ್ದುದೆಲ್ಲ ಒಂದೇ ಮಳೆಗೆ ನೀರಿಗೆ ಬೀಳುತ್ತದೆ. ಕೆರೆಯ ತಳದಲ್ಲಿ ಪ್ರಾಣವಾಯು ಸಾಲದೆ ಹೋದಾಗ ಆ ರಂಜಕ ಬಿಡಿಸಿಕೊಂಡು ಮೇಲೆ ಬರುತ್ತದೆ, ಪಾಚಿ ಹಬ್ಬುತ್ತದೆ, ಮೀನು ಸಾಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ನಮ್ಮ ಮನೆಯ ನಲ್ಲಿಗೆ ಸೇರಿದ್ದು. ಬಗ್ಗಡದ ನೀರಿಗೆ ಕ್ಲೋರಿನ್ ಹಾಕಿದರೆ ಅದರ ಬಲದಲ್ಲಿ ಒಂದು ಪಾಲು ಬಗ್ಗಡದ ಮೇಲೆಯೇ ಖರ್ಚಾಗುತ್ತದೆ, ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಬದುಕಿಕೊಳ್ಳುತ್ತವೆ. ಔಷಧಿ ಹಾಕಿದ್ದೇವೆಂದು ಪುರಸಭೆ ಲೆಕ್ಕ ಬರೆಯುತ್ತದೆ. ಕಾಲೋನಿಯ ಮಗು ಭೇದಿಯಿಂದ ಆಸ್ಪತ್ರೆ ಸೇರುತ್ತದೆ.

ದಡವೂ ಮರಳೂ ಹೊಳೆಗೆ ಏನು ಮಾಡುತ್ತಿದ್ದವು ಎಂಬುದನ್ನು ತಿಳಿಯಲು ಸ್ವಲ್ಪ ದೂರ ಹೋಗಬೇಕು. ೧೮೯೨ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಅದಕ್ಕೆ ಅಂಟಿಕೊಂಡೇ ಆಲ್ಟೋನಾ ಎಂಬ ಇನ್ನೊಂದು ಊರಿತ್ತು. ಎರಡೂ ಊರುಗಳು ಕುಡಿಯುತ್ತಿದ್ದುದು ಎಲ್ಬ್ ನದಿಯ ನೀರನ್ನೇ. ಆಲ್ಟೋನಾ ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ಕೆಳಗಿನ ಭಾಗದಿಂದ. ಆದರೂ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಕಾರಣ ಇಷ್ಟೇ: ಆಲ್ಟೋನಾದಲ್ಲಿ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಶೋಧಿಸುತ್ತಿದ್ದರು. ಹ್ಯಾಂಬರ್ಗನ್ನು ಆಳುತ್ತಿದ್ದ ವರ್ತಕರೂ ಮನೆಮಾಲೀಕರೂ ಮರಳಿನ ಹಾಸಿಗೆ ಹಣ ಸುರಿಯಲು ವರ್ಷಗಟ್ಟಲೆ ಮೀನಮೇಷ ಎಣಿಸಿದ್ದರು. ಸತ್ತವರಲ್ಲಿ ಹೆಚ್ಚಿನವರು ಯಾವ ಕೇರಿಯವರೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಟೋನಾ ಹಣ ಕೊಟ್ಟು ಕಟ್ಟಿಸಿಕೊಂಡ ಆ ಮರಳಿನ ಹಾಸು ನಮ್ಮ ಪಾಲಾರಿನಲ್ಲಿ, ದಕ್ಷಿಣ ಪಿನಾಕಿನಿಯಲ್ಲಿ ಪುಕ್ಕಟೆಯಾಗಿ ಬಿದ್ದಿತ್ತು. ಮರಳಿನ ರಾಶಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಂದುಗಳೇ. ಮಳೆಗಾಲದ ನೀರು ಅಲ್ಲಿ ಅಡಗಿ, ಬಿಸಿಲಿಗೆ ಆವಿಯಾಗದೆ, ಸೋಸಿ ಸೋಸಿ ಪಕ್ಕದ ಬಾವಿಗಳಿಗೆ ಇಳಿಯುತ್ತಿತ್ತು. ಹೊಳೆಯಲ್ಲಿ ಮೊಣಕೈ ಆಳ ಚಿಲುಮೆ ತೋಡಿ, ಚಿಪ್ಪಿನಲ್ಲಿ ನೀರು ಮೊಗೆದು ಕುಡಿದವರು ಇನ್ನೂ ನಮ್ಮ ಮಧ್ಯೆ ಬದುಕಿದ್ದಾರೆ. ದಡದ ಹೊಂಗೆ, ಲಕ್ಕಿ, ಬಿದಿರು, ಆಪಿನ ಹುಲ್ಲುಗಳ ಬೇರು ಮಣ್ಣನ್ನು ಕಟ್ಟಿ ಹಿಡಿಯುತ್ತಿತ್ತು. ಹೊಲದಿಂದ ಇಳಿದು ಬರುವ ಗೊಬ್ಬರದ ನೀರನ್ನು ಅಲ್ಲಿಯೇ ತಡೆದು ಅರ್ಧ ಕುಡಿದುಬಿಡುತ್ತಿತ್ತು.

ಅದೇ ೧೮೯೨ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಪಾಲಾರ್, ಪಿನಾಕಿನಿಗಳೂ ಸೇರಿದ ನದಿಗಳ ಮೇಲೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಕೂಡದೆಂಬುದು ಅದರ ತಿರುಳು. ಅಂದಿನಿಂದ ಇಂದಿನವರೆಗೆ ರಾಜ್ಯರಾಜ್ಯಗಳ ಜಗಳವೆಲ್ಲ ನೀರು ಎಷ್ಟು ಎಂಬುದರ ಮೇಲೆಯೇ. ಯರಗೋಳಿನ ಅಣೆಕಟ್ಟಿನ ವಿಷಯವಾಗಿ ತಮಿಳುನಾಡು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು; ೨೦೧೯ರ ನವೆಂಬರಿನಲ್ಲಿ ಅದರ ಅರ್ಜಿ ಬಿದ್ದುಹೋಯಿತು. ಇತ್ತ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರಿನ ಬಳಿಯ ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಆಳೆತ್ತರದ ನೊರೆಯಾಗಿ ಏಳುವುದನ್ನು ಮಾತ್ರ ಯಾವ ಒಪ್ಪಂದವೂ ತಡೆಯಲಿಲ್ಲ. ಆ ನೊರೆ ಬೆಂಗಳೂರಿನ ಸಾಬೂನಿನದು, ನಿಜ. ಆದರೆ ನಡುವಿನ ಹಾದಿಯಲ್ಲಿ ಮರಳೂ ಜೊಂಡೂ ದಡವೂ ಗಟ್ಟಿಯಾಗಿದ್ದಿದ್ದರೆ ಹೊಳೆ ತನ್ನ ಮೈಯನ್ನು ಒಂದಷ್ಟಾದರೂ ತೊಳೆದುಕೊಳ್ಳುತ್ತಿತ್ತು. ತೊಳೆದುಕೊಳ್ಳುವ ಕೈಯನ್ನೇ ಕಡಿದು ಮಾರಿದ್ದೇವೆ.

ಪಾಲಾರಿನ ಕಥೆಯೂ ಇದೇ. ನಮ್ಮಲ್ಲಿಂದ ಹೋದ ಆ ನದಿಯ ದಂಡೆಯಲ್ಲಿ, ವಾಣಿಯಂಬಾಡಿ ಆಂಬೂರುಗಳಲ್ಲಿ, ತೊಗಲು ಹದ ಮಾಡುವ ಕಾರ್ಖಾನೆಗಳಿವೆ. ಅವುಗಳ ಕೊಳೆಯ ಮೇಲೆ ಸುಪ್ರೀಂ ಕೋರ್ಟು ೧೯೯೬ರಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಕೊಳೆ ಮಾಡಿದವನೇ ದಂಡ ತೆರಬೇಕೆಂದು ಹೇಳಿತು. ೨೦೨೫ರ ಜನವರಿಯಲ್ಲಿ ಅದೇ ನದಿಯ ಅದೇ ಕೊಳೆಯ ಮೇಲೆ ಅದೇ ನ್ಯಾಯಾಲಯ ಮತ್ತೊಂದು ತೀರ್ಪು ಕೊಡಬೇಕಾಯಿತು. ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು! ಈ ನಡುವೆ ಆ ನದಿಯ ಮರಳು ಅಲ್ಲಿಯೂ ಲಾರಿ ಹತ್ತಿ ಹೋಯಿತು.

ಈಗ ಮನೆಯ ಬಾಗಿಲಿಗೇ ಬರೋಣ. ೨೦೧೮ರ ಜೂನ್ ತಿಂಗಳಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ ೪೪ ಕೋಟಿ ಲೀಟರು, ೧೨೬ ಕೆರೆ ಎಂಬುದು ಮೊದಲ ಯೋಜನೆ. ನೀರು ಮೊದಲು ಬೀಳುವುದು ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ನರಸಾಪುರದ ಕಡೆಗೆ ಕೆರೆಯಿಂದ ಕೆರೆಗೆ ಇಳಿಯುತ್ತದೆ. ಮೊದಲ ವರ್ಷವೇ ನೊರೆ ಕಂಡಿತು, ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿಬಂದಿತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂತೆಂದು ಸಂತೋಷಪಟ್ಟ ರೈತರನ್ನು ನಾವು ಗೇಲಿ ಮಾಡುವುದಿಲ್ಲ. ಹತ್ತಾರು ವರ್ಷ ಬಾಯಾರಿದವನಿಗೆ ಯಾವ ನೀರೂ ನೀರೇ. ಮೂರನೆಯ ಹಂತದ ಶುದ್ಧಿ ಬೇಕೆಂಬ ಚಳವಳಿಗಾರರ ಬೇಡಿಕೆಯನ್ನು ನಾವು ಒಪ್ಪುತ್ತೇವೆ. ಆದರೆ ಎರಡೂ ಕಡೆಯವರು ಹೆಚ್ಚು ಆಡದ ಮಾತೊಂದಿದೆ. ಸರ್ಕಾರ ಬಿಟ್ಟ ಮೂರನೆಯ ಹಂತವನ್ನು ಒಂದಿಷ್ಟಾದರೂ ಮಾಡಬೇಕಾದದ್ದು ಕಾಲುವೆಯ ದಡ, ಜೊಂಡು, ಕೆರೆಯಂಗಳದ ಮಣ್ಣು. ಆ ಮಣ್ಣಿನ ಪದರದ ಮೂಲಕ ನಿಧಾನವಾಗಿ ಇಳಿದರೆ ತಾನೇ ನೀರು ಸೋಸುವುದು? ಫಿಲ್ಟರ್ ಮರಳಿಗಾಗಿ ತೋಡಿದ ಇಪ್ಪತ್ತು ಮೂವತ್ತು ಅಡಿಯ ಗುಂಡಿಗಳಲ್ಲಿ ಆ ಪದರವೇ ಇಲ್ಲ. ಬೆಂಗಳೂರಿನ ನೀರು ಆ ಗುಂಡಿಗೆ ಬಿದ್ದರೆ ಕೊಡಕ್ಕೆ ಬಟ್ಟೆ ಕಟ್ಟದೆ ಸುರಿದಂತೆ, ಸೋಸದೆಯೇ ನೆಲದೊಳಗಿನ ನೀರಿನ ಕಡೆಗೆ ಇಳಿಯುತ್ತದೆ.

೨೦೨೧ರ ನವೆಂಬರಿನಲ್ಲಿ ಭಾರೀ ಮಳೆಯಾಗಿ, ವರ್ಷಗಟ್ಟಲೆ ಒಣಗಿದ್ದ ಅನೇಕ ಕೆರೆಗಳು ಕೋಡಿಬಿದ್ದವು. ಜನ ಬಾಗಿನ ಅರ್ಪಿಸಿದರು, ಮಂತ್ರಿಗಳು ಛಾಯಾಚಿತ್ರ ತೆಗೆಸಿಕೊಂಡರು. ಅಗೆದು ಸಡಿಲವಾದ ದಡವನ್ನು ಅಂಥ ಮಳೆ ಏನು ಮಾಡುತ್ತದೆಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಕೆಂಪು ನೀರು ಬಂದಿತೆಂದರೆ ಯಾರದೋ ದಡ ಬಂದಿತೆಂದೇ ಅರ್ಥ.

ಕೆ.ಜಿ.ಎಫ್.ನ ಕಾರ್ಮಿಕ ಬಂಧುಗಳಿಗೆ ಇದು ಹಳೆಯ ಪಾಠ. ೨೦೦೧ರ ಫೆಬ್ರವರಿ ೨೮ರಂದು ಚಿನ್ನದ ಗಣಿ ಮುಚ್ಚಿತು. ಸಯನೈಡ್ ಗುಡ್ಡಗಳು ಉಳಿದವು. ಹದಿಮೂರು ದಿಬ್ಬ, ಮೂರು ಕೋಟಿ ಟನ್ನಿಗೂ ಮೀರಿದ ಪುಡಿ. ಹುಲ್ಲು ಸರಿಯಾಗಿ ಹತ್ತದ ಆ ದಿಬ್ಬಗಳ ಮೈಯನ್ನು ಗಾಳಿ ಎತ್ತಿ ಮನೆಯೊಳಗೆ ತರುತ್ತದೆ, ಮಳೆ ಕೊರೆದು ಹಳ್ಳಕ್ಕೆ ಇಳಿಸುತ್ತದೆ. ಆ ಪುಡಿಯಲ್ಲಿ ಇನ್ನೂ ಚಿನ್ನವಿದೆಯೆಂದು ಲೆಕ್ಕ ಹಾಕಿದ ಮೇಲೆ, ೨೦೨೪ರ ಜೂನ್‌ನಲ್ಲಿ, ರಾಜ್ಯ ಸಚಿವ ಸಂಪುಟ ಅದನ್ನು ಮತ್ತೆ ಬಗೆಯಲು ಒಪ್ಪಿಗೆ ಕೊಟ್ಟಿತು. ಚಿನ್ನದ ಲೆಕ್ಕ ಸಿಕ್ಕಿತು. ಹಳ್ಳಕ್ಕೆ ಇಳಿದ ಪುಡಿಯ ಲೆಕ್ಕ ಯಾರ ಕಡತದಲ್ಲಿದೆ?

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಹೇಳಬೇಕು. ೧೯೭೪ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ಮಂಡಳಿಯವರು ಬಂದು ಕಾರ್ಖಾನೆಯ ಕೊಳವೆಯ ಬಾಯಿಗೆ ಶೀಷೆ ಹಿಡಿಯುತ್ತಾರೆ. ಕೊಳವೆಗೆ ಒಂದು ಬಾಯಿ ಇದೆ, ಬಾಯಿಗೆ ಒಬ್ಬ ಮಾಲೀಕನಿದ್ದಾನೆ. ಮೂರು ಮೈಲಿ ಉದ್ದ ಕುಸಿದ ದಡಕ್ಕೆ ಬಾಯಿ ಎಲ್ಲಿದೆ? ಮರಳು ಗಣಿ ಇಲಾಖೆಗೆ ಸೇರಿದ್ದು, ದಡ ಕಂದಾಯದ್ದು, ಕೆರೆ ಸಣ್ಣ ನೀರಾವರಿಯದೋ ಪಂಚಾಯಿತಿಯದೋ, ನೀರಿನ ಕೊಳೆ ಮಂಡಳಿಯದು, ರಾತ್ರಿಯ ಲಾರಿ ಪೋಲೀಸಿನವರದು. ಐದು ಕಚೇರಿ ಸೇರಿ ಒಂದು ಹೊಳೆಯನ್ನು ಕಾಯುವುದು ಹೀಗೆ. ಐದರಲ್ಲಿ ಯಾವುದಕ್ಕೆ ಅರ್ಜಿ ಕೊಟ್ಟರೂ ಉಳಿದ ನಾಲ್ಕರ ವಿಳಾಸ ಸಿಕ್ಕುತ್ತದೆ.

ನಷ್ಟ ಯಾರಿಗೆ ಎಂಬುದನ್ನು ನಮ್ಮ ಓದುಗರು ತಮ್ಮ ಜೇಬನ್ನೇ ಕೇಳಿಕೊಳ್ಳಲಿ. ಮಾಲೂರಿನ ಹೆಂಚು ಕಾರ್ಖಾನೆಯ ಕೂಲಿಕಾರ, ನರಸಾಪುರದ ಹೊಸ ಕಾರ್ಖಾನೆಗಳ ಗುತ್ತಿಗೆ ಹುಡುಗ, ಎಲ್ಲರೂ ದಿನಗೂಲಿಯ ಒಂದು ಭಾಗವನ್ನು ನೀರಿನ ಕ್ಯಾನಿಗೆ ಹಾಕುತ್ತಾರೆ. ಊರಿನ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ನಿಲ್ಲುತ್ತಾರೆ. ಬಸ್ ನಿಲ್ದಾಣದ ಪುಟ್ಟ ಹೋಟೆಲಿನವನು ಟ್ಯಾಂಕರಿಗೆ ಹಣ ಕೊಟ್ಟು, ಆ ಹಣವನ್ನು ಇಡ್ಲಿಯ ಮೇಲೆ ಹಾಕಲಾರದೆ, ತನ್ನ ಮಕ್ಕಳ ಹೊಟ್ಟೆಯಿಂದಲೇ ಕಡಿಯುತ್ತಾನೆ. ಕೂಡಿಟ್ಟ ಹಣದಲ್ಲಿ ಒಂದು ಮಳಿಗೆ ಕಟ್ಟಿಸಿದ ಸಣ್ಣ ವ್ಯಾಪಾರಿಗೆ ಮರಳೆಂದು ಮಾರಿದ್ದು ಇದೇ ಫಿಲ್ಟರ್ ಮರಳು. ಅದರಲ್ಲಿ ಉಳಿದ ಜೇಡಿಯಿಂದ ಸಿಮೆಂಟು ಹಿಡಿಯದೆ ಗಾರೆ ಉದುರುತ್ತದೆ. ಬೆಂಗಳೂರಿನ ಬಹುಮಹಡಿಯ ಮಾಲೀಕನಿಗೆ ಈ ಯಾವ ಲೆಕ್ಕವೂ ಬರುವುದಿಲ್ಲ.

ಇನ್ನೊಂದು ಮಾತನ್ನು ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಬರೆಯದೆ ಬಿಟ್ಟರೆ ಅಪ್ರಾಮಾಣಿಕರಾಗುತ್ತೇವೆ. ನಡುರಾತ್ರಿ ಆ ಗುಂಡಿಯಲ್ಲಿ ಕೊಳವೆ ಹಿಡಿದು ನಿಂತವರು ನಮ್ಮವರೇ. ಭೂಮಿಯಿಲ್ಲದ ದಲಿತ ಕೇರಿಯ ಹುಡುಗರು, ಕೊಳವೆಬಾವಿ ಬತ್ತಿ ಸಾಲಕ್ಕೆ ಬಿದ್ದ ರೈತರು. ದಡದ ಜಮೀನನ್ನು ಮಣ್ಣಿನ ಲೆಕ್ಕದಲ್ಲಿ ಮಾರಿದವನೂ ಹಸಿವಿನಿಂದಲೇ ಮಾರಿದ್ದು. ದಡ ಕುಸಿದು ಕೂಲಿಗಳು ಮಣ್ಣುಪಾಲಾದ ಸುದ್ದಿ ಒಂದೆರಡು ಸಲ ಬಂದದ್ದಲ್ಲ. ದಾಳಿ ನಡೆದರೆ ಸಿಕ್ಕುವವನು ಡ್ರೈವರು, ಜೈಲಿಗೆ ಹೋಗುವವನು ಕೂಲಿ. ಜೆಸಿಬಿಯ ಯಜಮಾನ ಮರುದಿನ ಬೆಳಗ್ಗೆ ಇಲಾಖೆಯ ಬಾಗಿಲಲ್ಲೇ ಕಾಫಿ ಕುಡಿಯುತ್ತಿರುತ್ತಾನೆ. ಆದುದರಿಂದ 'ಮರಳು ನಿಲ್ಲಿಸಿ' ಎಂದು ಬರಿದೇ ಕೂಗುವುದು ನಮಗೆ ಸಾಲದು. ನಿಲ್ಲಿಸಿದ ರಾತ್ರಿ ಆ ಹುಡುಗನ ಮನೆಯ ಒಲೆ ಹೊತ್ತಬೇಕು. ಹಾಗೆಂದು, ನಮ್ಮವರು ಅಗೆಯುತ್ತಾರೆಂಬ ಕಾರಣಕ್ಕೆ ಕಣ್ಣು ಮುಚ್ಚಿಕೊಳ್ಳುವುದೂ ಆಗದು. ಆ ಹುಡುಗನ ತಂಗಿಯೇ ನಾಳೆ ಆ ಕೆಸರುನೀರು ಕುಡಿಯುವವಳು.

ದಾರಿ ಇಲ್ಲದಿಲ್ಲ. ಮಾಲೂರಿನ ಇಟ್ಟಿಗೆಗೂಡುಗಳಿಗೂ ಹೆಂಚಿಗೂ ಜೇಡಿಮಣ್ಣು ಬೇಕು, ಅದರಿಂದ ಅನೇಕ ಕುಟುಂಬಗಳು ಬದುಕುತ್ತಿವೆ. ಹಳೆಯ ಕೆರೆಗಳ ತುಂಬ ಹೂಳು ತುಂಬಿಕೊಂಡಿದೆ. ಪಂಚಾಯಿತಿ ತಾನೇ ಅಳತೆ ಹಾಕಿ, ದಡದಿಂದ ದೂರ ಗೆರೆ ಎಳೆದು, ಹೂಳನ್ನು ಮಾತ್ರ ತೆಗೆಸಿ ಗೂಡಿಗೂ ಹೊಲಕ್ಕೂ ಕೊಡಲಿ. ತೆಗೆಯುವ ಕೂಲಿ ನಮ್ಮ ಹುಡುಗರದಾಗಲಿ, ಹಗಲಿನಲ್ಲಿ ಆಗಲಿ, ಕೂಲಿಗೆ ರಶೀತಿ ಇರಲಿ. ಮರಳಿನ ಬದಲಿಗೆ ಈಗ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆ. ಅದರದೇ ಪಾಪಗಳು ಅದಕ್ಕಿವೆ, ಆದರೆ ಆ ಕ್ವಾರಿಗಳಿಂದ ಬರುವ ಹಣದ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ಗಣಿಯಿಂದ ತೊಂದರೆಗೊಂಡ ಜನರಿಗೆಂದೇ ಇಟ್ಟ ಹಣ ಅದು. ಅದರಲ್ಲಿ ಊರೂರಿಗೆ ಒಬ್ಬ ನೀರುಗಂಟಿಗೆ ಸಂಬಳ ಕೊಡಲು ಏನು ಅಡ್ಡಿ? ದಡದಲ್ಲಿ ಹೊಂಗೆ, ಬಿದಿರು, ಲಾವಂಚ ನೆಡಿಸಲಿ. ನೀಲಗಿರಿ ಬೇಡ, ಹೊಸದಾಗಿ ಅದನ್ನು ಬೆಳೆಸುವುದನ್ನು ಸರ್ಕಾರವೇ ೨೦೧೭ರಲ್ಲಿ ನಿಷೇಧಿಸಿತು. ಮೊಕದ್ದಮೆಯನ್ನು ಡ್ರೈವರಿನ ಮೇಲಲ್ಲ, ಯಂತ್ರದ ಯಜಮಾನನ ಮೇಲೂ ಹಣ ಹೂಡಿದವನ ಮೇಲೂ ಹಾಕಲಿ. ಮಂಡಳಿಯವರು ಕೊಳವೆಯ ಬಾಯನ್ನು ಬಿಟ್ಟು ಮೊದಲ ಮಳೆಯ ದಿನ ಹೊಳೆಯ ಬಳಿಗೂ ಬರಲಿ.

ಅವರು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮುಂಗಾರಿನ ಮೊದಲ ಹರಿವಿನ ದಿನ ನಿಮ್ಮ ಊರಿನ ಹಳ್ಳದಿಂದ ಒಂದು ಗಾಜಿನ ಬಾಟಲಿ ನೀರು ತುಂಬಿರಿ. ಒಂದು ರಾತ್ರಿ ಅಲುಗಾಡಿಸದೆ ಇಡಿರಿ. ತಳದಲ್ಲಿ ಎಷ್ಟು ಬೆರಳು ಮಣ್ಣು ನಿಂತಿತು, ಮೇಲಿನ ನೀರು ತಿಳಿಯಾಯಿತೋ ಇಲ್ಲವೋ ನೋಡಿರಿ. ಅಗೆಯದ ದಡವಿರುವ ಕಡೆಯಿಂದ ಇನ್ನೊಂದು ಬಾಟಲಿ ತುಂಬಿ ಅದರ ಪಕ್ಕದಲ್ಲಿಡಿರಿ. ಎರಡನ್ನೂ ಗ್ರಾಮಸಭೆಗೆ ತನ್ನಿ, ಆಮೇಲೆ ತಾಲ್ಲೂಕು ಕಚೇರಿಯ ಮೇಜಿನ ಮೇಲಿಡಿರಿ. ಬಾಟಲಿಯ ಮೇಲೆ ಊರಿನ ಹೆಸರನ್ನೂ ತಾರೀಖನ್ನೂ ಬರೆಯಲು ಮರೆಯಬೇಡಿರಿ. ನೀರು ಯಾವ ಊರಿನದೆಂದು ಗೊತ್ತಾಗಲಿಲ್ಲವೆಂದು ಆಮೇಲೆ ಹೇಳಿಯಾರು.